ಲೆವೆಲ್ ಏಳು

ಟ್ಯಾಬ್ ಪ್ರಶ್ನೆಯನ್ನು ಮತ್ತೆ ಕೇಳಿತು. ಪಲ್ಲವಿ ಎಡಕ್ಕೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ.

ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಸೈಮಾಳ ಅಪ್ಪ ಚಪ್ಪಲಿ ಅಂಗಡಿಯನ್ನು ಗುಬ್ಬಿಯಿಂದ ಕುಣಿಗಲ್‌ಗೆ ಸಾಗಿಸಿದ್ದರು. ಭಾನುವಾರ ಸೈಮಾಳೂ ಹೊರಟುಹೋಗಿದ್ದಳು.

ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಟ್ಯಾಬ್ ಹನ್ನೆರಡೇ ಇದ್ದವು. ಇಬ್ಬರಿಗೊಂದು. ಮಗುವಿಗೆ ಎಷ್ಟು ಬರುತ್ತದೆ ಎಂದು ನೋಡಿಕೊಂಡು ಟ್ಯಾಬೇ ಪಾಠ ಆರಿಸಿ ಕೊಡುತ್ತಿತ್ತು. ಸರಿ ಹೇಳಿದರೆ ಲೆವೆಲ್ ಏರುತ್ತದೆ, ತಪ್ಪಿದರೆ ಇಳಿಯುತ್ತದೆ.

"ನೀನ್ ಸುಮ್ನೆ ನೋಡ್ತಿರು ಕಣೇ, ನಾನ್ ಒತ್ತೀನಿ" ಎನ್ನುತ್ತಿದ್ದಳು ಸೈಮಾ. ಅವಳ ಲೆಕ್ಕವನ್ನೆಲ್ಲ ಪಲ್ಲವಿ ಮಾಡಿಕೊಡುತ್ತಿದ್ದಳು. ಹಾಗೇ ಇಬ್ಬರೂ ಲೆವೆಲ್ ಏಳಕ್ಕೆ ಬಂದಿದ್ದರು.

ಶುಕ್ರವಾರ ಲೆವೆಲ್ ಏಳರ ಮಕ್ಕಳು ಹಾಲ್‌ನಲ್ಲಿ, ಅಪ್ಪ ಅಮ್ಮಂದಿರ ಮುಂದೆ ಕತೆ ಓದಬೇಕು. ಪಲ್ಲವಿಯ ಅಮ್ಮ ಆಗಲೇ ಬೀದಿಗೆಲ್ಲ ಹೇಳಿ ಬಂದಿದ್ದಳು.

ಪರದೆಯ ತುಂಬ ಇರುವೆ ಸಾಲಿನಂತೆ ಅಕ್ಷರ. ಪಲ್ಲವಿ ಕೈಗೆ ಸಿಕ್ಕಿದ್ದನ್ನು ಒತ್ತಿದಳು. 'ಟುಂಯ್' ಎಂದಿತು ಟ್ಯಾಬ್. ಲೆವೆಲ್ ಆರಕ್ಕೆ ಇಳಿಯಿತು.

ಬುಧವಾರ ನಾಲ್ಕು. ಗುರುವಾರ ಎರಡು. ಒಂದೊಂದು ಸಲವೂ ಟುಂಯ್.

"ಲಿಫ್ಟ್ ಕೆಳಗ್ ಬತ್ತಾ ಐತೆ, ಎಲ್ಲಾ ಸೈಡ್ ಬಿಡ್ರೋ!" ಎಂದು ಕೂಗಿದ ಹಿಂದಿನ ಬೆಂಚಿನ ನಾಸಿರ್. ಕ್ಲಾಸೆಲ್ಲ ನಕ್ಕಿತು.

ಭಾನುಪ್ರಕಾಶ್ ಸರ್ ಬಂದು ಪರದೆ ನೋಡಿದರು. ಮೆಲ್ಲಗೆ ಸೌಂಡ್ ಆಫ್ ಮಾಡಿದರು. "ಇದ್ರ ಸ್ಪೀಕರ್ ಕೆಟ್ಟೋಗಿದೆ ಕಣ್ರೋ, ನಿಮ್ ನಿಮ್ ಕೆಲ್ಸ ನೋಡ್ಕೊಳ್ಳಿ" ಎಂದು ಎಲ್ಲರಿಗೂ ಹೇಳಿದರು. ಆಮೇಲೆ ಬಗ್ಗಿ, "ನಾಳೆ ಓದ್ತೀಯೇನಮ್ಮಾ?" ಎಂದರು.

ಪಲ್ಲವಿ ಆಗಲ್ಲ ಎಂದು ತಲೆಯಾಡಿಸಿದಳು.

ಸಂಜೆ ಅಮ್ಮ ನೀಲಿ ಸೀರೆಗೆ ಇಸ್ತ್ರಿ ಮಾಡಿಸಿ ಇಟ್ಟಿದ್ದಳು. "ಎಷ್ಟೊತ್ತಿಗೆ ಬರ್ಲೇ?"

"ಬರ್ಬೇಡ ಅಮ್ಮ."

"ಯಾಕೇ?"

"ಓದ್ತಿದ್ದಿದ್ದು ಸೈಮಾ. ನಾನ್ ಪಕ್ಕದಲ್ಲಿ ಕೂತ್ಕೊಂತಿದ್ದೆ ಅಷ್ಟೇ."

"ವರ್ಷ ಪೂರ್ತಿನಾ?"

"ಹೂಂ."

ಅಮ್ಮ ಸೀರೆಯನ್ನು ಮಡಿಕೆ ಕೆಡದಂತೆ ಟ್ರಂಕಿನೊಳಗೆ ಇಟ್ಟು, ಒಲೆ ಕಡೆಗೆ ಹೋದಳು. ಬೈದಿದ್ದರೇ ವಾಸಿಯಿತ್ತು ಎನಿಸಿತು ಪಲ್ಲವಿಗೆ.

ಶುಕ್ರವಾರ ಎಲ್ಲರೂ ಹಾಲ್‌ಗೆ ಹೋದರು. ಪಲ್ಲವಿ ಕ್ಲಾಸಿನಲ್ಲೇ ಉಳಿದಳು. ಟ್ಯಾಬ್‌ನಲ್ಲಿ ಲೆವೆಲ್ ಒಂದು. ಕೋಳಿಯ ಚಿತ್ರ, ಕೆಳಗೆ ಮೂರೇ ಪದ.

ಮೊದಲನೆಯದು ಬಂತು. ಎರಡನೆಯದಕ್ಕೆ ಹೊತ್ತು ಹಿಡಿಯಿತು. ಮೂರನೆಯದು ಬರಲೇ ಇಲ್ಲ. ಸೈಮಾ ಇದ್ದಿದ್ದರೆ ಇಷ್ಟರಲ್ಲಿ ಒತ್ತಿಬಿಡುತ್ತಿದ್ದಳು. ಯಾವತ್ತೂ ಹಾಗೇ ಆಗಿದ್ದು. ಪಲ್ಲವಿ ಬಾಯಿ ತೆರೆಯುವಷ್ಟರಲ್ಲಿ ಉತ್ತರ ಹೋಗಿಬಿಟ್ಟಿರುತ್ತಿತ್ತು. ಸೈಮಾ ಏನೋ ಪ್ರೀತಿಯಿಂದಲೇ ಒತ್ತುತ್ತಿದ್ದಳು. ಪಲ್ಲವಿಯೂ ಅದನ್ನೇ ಕಲಿಯುವುದು ಅಂದುಕೊಂಡಿದ್ದಳು.

ಹಾಲ್ ಕಡೆಯಿಂದ ಚಪ್ಪಾಳೆ ಕೇಳಿಸಿತು. ಪಲ್ಲವಿ ಕಣ್ಣೊರೆಸಿಕೊಂಡಳು.

ಟ್ಯಾಬ್ ಕಾಯುತ್ತಿತ್ತು. ಇಷ್ಟು ದಿನ ಅದಕ್ಕೆ ಗೊತ್ತಿದ್ದದ್ದು ಸೈಮಾ ಒಬ್ಬಳೇ. ಮೂರನೇ ಪದದ ಮೊದಲ ಅಕ್ಷರದ ಕೆಳಗೆ ಪಲ್ಲವಿ ತನ್ನ ಬೆರಳಿಟ್ಟಳು.