ಕಾಗದದಲ್ಲಿ ಇಲ್ಲದ ಹೊಂಡ

ಮಹಾಕಾಮ್ ನದಿಯನ್ನು ಕೋಳಿಯೊಂದು ಹಾರಿ ದಾಟಬಹುದಾಗಿದ್ದ ಕಾಲದಲ್ಲಿ ಅದರ ದಂಡೆಯ ಮೇಲೊಂದು ಗುಡ್ಡವಿತ್ತು, ಗುಡ್ಡದ ಹೊಟ್ಟೆಯೊಳಗೆ ಒಬ್ಬಳು ಮುದುಕಿ ಮಲಗಿದ್ದಳು. ವಾರಗಟ್ಟಲೆ ಸುರಿದ ಮಳೆಗೆ ಒಲೆ ಆರಿಹೋದ ಊರಿನವರು ಬಂದು ಅತ್ತಾಗ ಅವಳು ತನ್ನ ಕಪ್ಪು ತಲೆಗೂದಲನ್ನು ಕತ್ತರಿಸಿ ಕೊಟ್ಟಳು. ಅದು ಕಲ್ಲಾಯಿತು, ಕಲ್ಲು ಉರಿಯಿತು, ಅನ್ನ ಬೆಂದಿತು. "ಬೇಕಾದಷ್ಟು ತಗೊಳ್ರಪ್ಪ," ಎಂದಳಂತೆ ಮುದುಕಿ, "ಆದ್ರೆ ನನ್ನ ಹೊದಿಕೆ ಸರಿಸಿದೋರು ತಿರುಗಿ ಹೊದಿಸಿ ಹೋಗ್ಬೇಕು. ಬರೀ ಮೈಲಿ ಮಲಗಿದ್ರೆ ನಂಗೆ ಹಸಿವಾಗುತ್ತೆ. ಹಸಿವಾದ್ರೆ ಮೊದಲು ನಿಮ್ಮ ಗುದ್ದಲಿ ತಿಂತೀನಿ, ಆಮೇಲೆ ನಿಮ್ಮನ್ನ."

ಗುದ್ದಲಿಯ ಮಾತು ಬಂದಾಗಲೆಲ್ಲ ಸಲಾಸಿಯಾ ನಗುತ್ತಿದ್ದಳು. ಗದ್ದೆಯಲ್ಲಿ ತೆನೆ ಕೊಯ್ಯುತ್ತ ಅಮ್ಮ ಈ ಕತೆಯನ್ನು ಸಾವಿರ ಸಲ ಹೇಳಿದ್ದಳು. ಪೈರಿನಲ್ಲಿ ನೆಲೆಸಿದ ಭತ್ತದ ತಾಯಿ ಕುಡುಗೋಲು ಕಂಡು ಹೆದರಬಾರದೆಂದು ಅವಳು ಅಂಗೈಯೊಳಗೇ ಅಡಗುವ ಪುಟ್ಟ ಕುಯ್ಲುಗತ್ತಿಯನ್ನು ಹಿಡಿಯುತ್ತಿದ್ದಳು. ಒಂದು ತುಂಡು ಮರ, ಅದಕ್ಕೆ ಅಡ್ಡವಾಗಿ ಸಿಕ್ಕಿಸಿದ ಎಲೆಯಷ್ಟು ತೆಳ್ಳಗಿನ ಅಲಗು, ಅಷ್ಟೇ. ಒಂದೊಂದೇ ತೆನೆ, ಒಂದೊಂದೇ ಮಾತು.

ಆ ಗುಡ್ಡದ ಹೊದಿಕೆಯನ್ನು ಸರಿಸಿದವಳು ಕೊನೆಗೆ ಸಲಾಸಿಯಾಳೇ. ಗದ್ದೆಯನ್ನು ಕಲ್ಲಿದ್ದಲಿನ ಕಂಪನಿ ಕೊಂಡಿತು, ಅವಳಿಗೆ ಓಡಿಸಲು ಲಾರಿ ಕೊಟ್ಟಿತು. ಚಕ್ರವೇ ಅವಳ ಮನೆಯ ಮಾಡಿನಷ್ಟು ಎತ್ತರದ ಲಾರಿ. ಹದಿನಾರು ವರ್ಷ ಅವಳು ಮಣ್ಣು ಹೊತ್ತಳು. ಅಮ್ಮನ ಗದ್ದೆ ಇದ್ದಲ್ಲಿ ಒಂಬತ್ತನೆಯ ಹೊಂಡವಾಯಿತು. ಕಲ್ಲಿದ್ದಲು ಮುಗಿದ ಮೇಲೆ ಹೊಂಡದಲ್ಲಿ ನೀರು ನಿಂತಿತು. ಮೀನಿಲ್ಲ, ಕಪ್ಪೆಯಿಲ್ಲ, ನೋಡಿದರೆ ಕಣ್ಣಿಗೆ ಹಬ್ಬವೆನಿಸುವ ಹಸಿರು ನೀಲಿ ನೀರು.

ವಯಸ್ಸಾದಂತೆ ಅಮ್ಮನಿಗೆ ನೆನಪು ಸೋರತೊಡಗಿತು. ಮಗಳ ಹೆಸರು ಮರೆತಳು, ಗದ್ದೆಯ ದಾರಿ ಮರೆಯಲಿಲ್ಲ. ಒಂದು ದಿನ ಮಾತ್ರ ಮೋಡ ಸರಿದಂತೆ ಎಲ್ಲ ನೆನಪಾಗಿ ಮಗಳ ಕೈ ಹಿಡಿದುಕೊಂಡು ಕೇಳಿದಳು: "ನೀನೇ ಅಲ್ವೇನೇ ಮಣ್ಣು ತೆಗೆದಿದ್ದು?"

"ಹೌದಮ್ಮ."

"ಹಾಗಾದ್ರೆ ನೀನೇ ಹಾಕ್ಬೇಕು."

"ಹಾಕ್ತೀನಮ್ಮ. ನನ್ನ ಮಾತು."

ಒಂದು ಬೆಳಿಗ್ಗೆ ಸಲಾಸಿಯಾ ಪಾಳಿಗೆ ಹೋದ ಹೊತ್ತಿನಲ್ಲಿ ಅಮ್ಮ ಕುಯ್ಲುಗತ್ತಿಯನ್ನು ಅಂಗೈಯಲ್ಲಿಟ್ಟುಕೊಂಡು ಸುಗ್ಗಿಗೆ ಹೊರಟಳು. ಗದ್ದೆ ಇದ್ದಲ್ಲಿಗೇ ನಡೆದಳು. ಮೂರನೆಯ ದಿನ ನೀರಿನ ಮೇಲೆ ಸಿಕ್ಕಳು.

ಏಳನೆಯ ದಿನದ ಊಟಕ್ಕೆ ಗಣಿಯ ಉಸ್ತುವಾರಿ ಪಾಕ್ ವಿದಗ್ದೊ ಬಂದ. ಜಾವಾ ಕಡೆಯವನು, ಮಾತು ಬೆಣ್ಣೆ. ಅಲ್ಲಿ ಗಂಡಸರಿಗೆ ಪಾಕ್, ಹೆಂಗಸರಿಗೆ ಬೂ ಎಂದು ಸೇರಿಸುವುದು ಮರ್ಯಾದೆ. ಅನ್ನ, ನದಿಮೀನಿನ ಸಾರು ಉಂಡು ಕೈ ತೊಳೆದು ಎಲ್ಲರ ಎದುರಿಗೇ ಹೇಳಿದ: "ಕಲ್ಲಿದ್ದಲಿನ ಕೊನೇ ಹಡಗು ಹೋದ ಮಾರನೇ ದಿನಾನೇ ಒಂಬತ್ತನೇ ಹೊಂಡ ಮುಚ್ಚೋದು ಶುರು. ಮೊದಲನೇ ಲೋಡು ಬೂ ಸಲಾಸಿಯಾನೇ ತರ್ಲಿ. ನಾನು ಮಾತು ಕೊಟ್ಟಿದ್ದೀನಿ." ಮುಂದಿನ ಬೇಸಗೆಯಲ್ಲಿ ನೀರು ಎರಡಾಳು ಇಳಿದಾಗ, ಜೊತೆಯ ಚಾಲಕಿ ಜಲೇಹಾಳಿಗೆ ದಂಡೆಯ ಕೆಸರಿನಲ್ಲಿ ಅಮ್ಮನ ಕುಯ್ಲುಗತ್ತಿಯ ಮರದ ಹಿಡಿ ಸಿಕ್ಕಿತು. ಅಲಗು ಇರಲಿಲ್ಲ. ಎಲ್ಲೋ ಕಳಚಿ ಬಿದ್ದಿರಬೇಕು ಅಂದುಕೊಂಡು ಸಲಾಸಿಯಾ ಅದನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದಳು. ಹಡಗುಗಳಿಗಾಗಿ ಕಾದಳು.

ಹಡಗುಗಳು ನಿಜಕ್ಕೂ ಕಮ್ಮಿಯಾದವು. ತಿಂಗಳಿಗೆ ಮೂವತ್ತಿದ್ದದ್ದು ಹತ್ತಾಯಿತು, ಹತ್ತು ಎರಡಾಯಿತು. ಕಡಲಾಚೆ ಕೊಳ್ಳುತ್ತಿದ್ದ ದೇಶಗಳು ಒಂದರ ಹಿಂದೊಂದು ಬೇಡವೆಂದವು. ದಕ್ಕೆಯ ಪಕ್ಕದ ಕಾಫಿ ಅಂಗಡಿಯಲ್ಲಿ, ದೊಡ್ಡವರು ಟೀವಿಯಲ್ಲಿ ದೇಶಕ್ಕೇನೂ ಆಗುವುದಿಲ್ಲ ಎನ್ನುತ್ತಿದ್ದಾಗ, ಗಂಡಸರು ಲೋಟ ಹಿಡಿದು ಕೂತಿರುತ್ತಿದ್ದರು.

"ಅವರ ಊರಲ್ಲಿ ಮಾಡಿನ ಮೇಲೆಲ್ಲ ಕನ್ನಡಿ ಹಾಸಿದ್ದಾರಂತೆ. ಬಿಸಿಲೇ ಕರೆಂಟಂತೆ."

"ಬಿಸಿಲಾ? ಅದನ್ನ ನಾವು ಪುಕ್ಕಟೆ ಕೊಡ್ತಿದ್ವಲ್ಲೋ! ಒಂದು ಹಡಗು ತುಂಬಿ ಕಳಿಸು."

"ನಗು ನಗು. ಕಲ್ಲಿದ್ದಲು ಹೋದ್ರೆ ಗದ್ದೆಗೆ ಹೋಗ್ತೀನಿ ಅಂತಿದ್ದೆಯಲ್ಲ, ಎಲ್ಲಿದೆಯೋ ಗದ್ದೆ? ಈಜ್ಕೊಂಡು ಉಳ್ತೀಯಾ?"

ಆಮೇಲೆ ಒಬ್ಬೊಬ್ಬರಾಗಿ ಲೋಟ ಕೆಳಗಿಟ್ಟು ಏಳುತ್ತಿದ್ದರು.

ಕೊನೆಯ ಹಡಗು ಒಂದು ಮಂಗಳವಾರ ಹೋಯಿತು. ಬುಧವಾರ ಸಲಾಸಿಯಾ ಬೆಳಕು ಹರಿಯುವ ಮೊದಲೇ ಲಾರಿಗಳ ಅಂಗಳಕ್ಕೆ ಹೋಗಿ ನಿಂತಳು. ಯಾರೂ ಬರಲಿಲ್ಲ. ಗುರುವಾರವೂ ಇಲ್ಲ. ತಿಂಗಳೊಳಗೆ ಎಲ್ಲರನ್ನೂ ಮನೆಗೆ ಕಳಿಸಿದರು. ವಿದಗ್ದೊನ ಸಣ್ಣ ಗಾಡಿ ಓಡಿಸಲು ಅವಳೊಬ್ಬಳನ್ನು ಉಳಿಸಿಕೊಂಡರು. ಒಂದು ದಿನ ಅವನು ಒಳಗೆ ಮಾತಾಡುತ್ತಿದ್ದಾಗ ಸೀಟಿನ ಮೇಲಿದ್ದ ಕಡತವನ್ನು ತೆರೆದಳು. ನಕ್ಷೆಯಲ್ಲಿ ಒಂಬತ್ತನೆಯ ಹೊಂಡ ಇರಲಿಲ್ಲ. ಅದಿದ್ದಲ್ಲಿ ಹಸಿರು ಬಣ್ಣ ಬಳಿದಿತ್ತು. ಮುಚ್ಚಲಾಗಿದೆ, ಸಮ ಮಾಡಲಾಗಿದೆ, ಎರಡು ಸಾವಿರ ಗಿಡ ನೆಡಲಾಗಿದೆ ಎಂದು ಬರೆದಿತ್ತು.

"ಪಾಕ್, ಒಂಬತ್ತನೇದು?"

"ಅಯ್ಯೋ ಬೂ, ಮುಚ್ಚಿದೀವಲ್ಲ, ಕಾಗದದಲ್ಲಿ." ಅವನು ಕೆಟ್ಟವನಂತೆ ನಗಲಿಲ್ಲ, ದಣಿದವನಂತೆ ನಕ್ಕ. "ಕೊಳ್ಳೋರೇ ಇಲ್ಲದ ಮೇಲೆ ಡೀಸೆಲ್‌ಗೆ ದುಡ್ಡು ಎಲ್ಲಿಂದ ತರ್ಲಿ? ಮುಂದಿನ ಶುಕ್ರವಾರ ಒಂದು ಫೋಟೊ ತೆಗೆದು ಅಂಟಿಸಿದ್ರೆ ನನ್ನ ಕೆಲಸ ಮುಗೀತು. ನಾನೂ ಊರಿಗೆ ಹೋಗ್ತೀನಿ. ನೀವೂ ಮರೆತುಬಿಡಿ."

ಮರೆಯುವುದು ಅವಳ ಮನೆಯಲ್ಲಿ ಹೇಗೆ ಮುಗಿಯಿತೆಂದು ಅವನಿಗೆ ಗೊತ್ತಿರಬೇಕಿತ್ತು. ಆ ಸಂಜೆ ಅನ್ನ ಬಸಿಯುತ್ತಿದ್ದಾಗ ಸಲಾಸಿಯಾಳಿಗೆ ಆ ಯೋಚನೆ ಬಂತು, ಎಷ್ಟು ಸದ್ದಿಲ್ಲದೆ ಬಂತೆಂದರೆ ಯಾರೋ ಹಿಂದೆ ನಿಂತು ಹೇಳಿದಂತಿತ್ತು: ಇಲ್ಲದ ಹೊಂಡಕ್ಕೆ ಬಿದ್ದದ್ದೂ ಇಲ್ಲವೇ. ತುಂಬಿಸುವುದಕ್ಕೆ ಮಣ್ಣು ಸಿಗಲಿಲ್ಲ, ತುಂಬಿಸುತ್ತೇನೆಂದವನಾದರೂ ಒಳಗಿರಲಿ.

ಅವಳು ಆತುರಪಡಲಿಲ್ಲ. ನೂರು ಟನ್ನು ಹೊತ್ತು ಇಳಿಜಾರು ಇಳಿಸಿದವಳಿಗೆ ಆತುರದ ಬೆಲೆ ಗೊತ್ತು. ನದಿಗೆ ಹಾಕುವುದು ದಡ್ಡತನ. ಮಹಾಕಾಮ್ ನುಂಗಿದ್ದನ್ನೆಲ್ಲ ಸಮರಿಂದಾ ನಗರದ ಸೇತುವೆಯ ಕಂಬಗಳ ಬಳಿ ಉಗುಳುತ್ತದೆ. ಹೊಂಡ ಉಗುಳದು, ಅದರಲ್ಲಿ ಹರಿವಿಲ್ಲ. ಹೊತ್ತು ಶುಕ್ರವಾರದ ನಡುಮಧ್ಯಾಹ್ನ. ಊರಿನ ಗಂಡಸರೆಲ್ಲ ನಮಾಜಿಗೆ ಹೋಗುತ್ತಾರೆ, ಹೆಂಗಸರು ಅಡಿಗೆಮನೆಯಲ್ಲಿರುತ್ತಾರೆ. ಸಕ್ಕರೆ ಕಾಯಿಲೆಯ ನೆಪ ಹೇಳಿ ವಿದಗ್ದೊ ಎಂದೂ ಮಸೀದಿಗೆ ಹೋದವನಲ್ಲ. ಫೋಟೊದ ಮಾತಂತೂ ಅವನೇ ಕೊಟ್ಟ ವರ. ದಂಡೆಯಲ್ಲಿ ಮೂವತ್ತು ಸಸಿ ನೆಟ್ಟಿದ್ದರು. ಸಸಿಗಳಷ್ಟೇ ಕಾಣಬೇಕು, ನೀರು ಕಾಣಬಾರದು ಎಂದರೆ ನಿಲ್ಲುವ ಜಾಗ ಒಂದೇ: ಹೊಂಡದ ಅಂಚಿನಲ್ಲಿ, ನೀರಿಗೆ ಬೆನ್ನು ಮಾಡಿ.

ಕಟ್ಟುವುದು ಯಾವುದರಿಂದ ಎಂಬುದನ್ನು ಅವಳು ಹೆಚ್ಚು ಯೋಚಿಸಿದಳು. ಹಗ್ಗ ಕೊಳೆಯುತ್ತದೆ. ನೈಲಾನು ಜಾರುತ್ತದೆ, ಗಂಟು ಸಡಿಲವಾಗುತ್ತದೆ. ಅವಳು ಬದುಕಿನುದ್ದಕ್ಕೂ ನಂಬಿದ್ದು ಕಬ್ಬಿಣವನ್ನು. ಲಾರಿಯ ಮುರಿದ ಬಾಗಿಲನ್ನು ಎರಡು ವರ್ಷ ಬಿಗಿಹಿಡಿದು ನಿಲ್ಲಿಸಿದ್ದ ಕಬ್ಬಿಣದ ತಂತಿಯನ್ನೇ ಆರಿಸಿದಳು. ಭಾರಕ್ಕೆ ಬುಲ್ಡೋಜರಿನ ಚಕ್ರಪಟ್ಟಿಯಿಂದ ಕಳಚಿದ ಒಂದು ಕಬ್ಬಿಣದ ಹಲಗೆ ಸಾಕು, ನಲವತ್ತು ಕಿಲೋ. ಎರಡನ್ನೂ ಹಿಂದಿನ ದಿನವೇ ಪ್ಲಾಸ್ಟಿಕ್ ಡ್ರಮ್ಮುಗಳ ಹಳೆಯ ತೆಪ್ಪದ ಮೇಲಿಟ್ಟಳು. ಒಂದು ಕಾಲದಲ್ಲಿ ಆ ತೆಪ್ಪದ ಮೇಲೆ ನೀರೆತ್ತುವ ಪಂಪು ಇರುತ್ತಿತ್ತು. ವರ್ಷಕ್ಕೆ ಮೂರು ಸಲ ಕೆಡುತ್ತಿತ್ತು. ಕಳಪೆ ಮಾಲು ಎಂದು ಎಲ್ಲರೂ ಅಂಗಡಿಯವನನ್ನು ಬೈಯುತ್ತಿದ್ದರು.

ಶುಕ್ರವಾರ ಎಲ್ಲವೂ ಅವಳು ಹಾಕಿದ ಗೆರೆಯ ಮೇಲೇ ನಡೆಯಿತು. ಧ್ವನಿವರ್ಧಕದಲ್ಲಿ ಪ್ರವಚನ ಶುರುವಾದಾಗ ಗಾಡಿ ಹೊಂಡದ ಬಳಿ ನಿಂತಿತು. ವಿದಗ್ದೊ ಫೋನು ಎತ್ತಿ ಹಿಂದೆ ಹಿಂದೆ ಹೆಜ್ಜೆ ಇಟ್ಟ.

"ನೀರು ಕಾಣ್ತಿಲ್ಲ ತಾನೆ, ಬೂ?"

"ಇನ್ನೊಂದು ಹೆಜ್ಜೆ, ಪಾಕ್."

ಅವಳು ಅಂಗೈ ಊರಿ ತಳ್ಳಿದಳು, ಅಷ್ಟೇ. ಜೇಡಿಯ ಗೋಡೆ ಕಡಿದಾಗಿತ್ತು, ಎರಡು ಕೈಗಳು ಅದರ ಮೇಲೆ ಹತ್ತು ಗೆರೆ ಎಳೆದವು. ಅವಳು ನೋಡಲಿಲ್ಲ, ಪ್ರವಚನ ಕೇಳುತ್ತ ನಿಂತಳು. ಕೊಟ್ಟ ಮಾತು ಉಳಿಸಿಕೊಳ್ಳುವ ಬಗ್ಗೆ ಇಮಾಮರು ಏನೋ ಹೇಳುತ್ತಿದ್ದರು. ಆಮೇಲೆ ತೆಪ್ಪ, ತಂತಿ, ನಾಲ್ಕು ಸುತ್ತು. ನೀರು ಮತ್ತೆ ಕನ್ನಡಿಯಾದಾಗ ಅದರೊಳಗೆ ಅಮ್ಮನ ಮುಖದಂಥ ಮುಖವೊಂದು ಕಂಡಿತು, ಅದು ಅವಳದೇ. ಹಗುರವಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ.

ಗಾಡಿಯಲ್ಲಿದ್ದ ಅವನ ಚೀಲವನ್ನೂ ದಂಡೆಯಲ್ಲಿ ಬಿದ್ದಿದ್ದ ಫೋನನ್ನೂ ನದಿಗೆ ಕೊಟ್ಟಳು, ಸಿಕ್ಕರೂ ದೋಣಿ ಹತ್ತಿದವನದೇ ಅನ್ನಿಸಲಿ ಎಂದು. ಬಾಲಿಕ್‌ಪಾಪನ್ ಕಡೆಯ ದೋಣಿಕಟ್ಟೆಯಲ್ಲಿ ಇಳಿಸಿದೆ ಎಂದು ಎಲ್ಲರಿಗೂ ಹೇಳಿದಳು. ಯಾರಿಗೂ ಆಶ್ಚರ್ಯವಾಗಲಿಲ್ಲ. ಕಂಪನಿಯ ದೊಡ್ಡವರೆಲ್ಲ ಹೇಳದೆಯೇ ಹೋಗಿದ್ದರು. "ಓಡಿಹೋದ," ಎಂದಿತು ಊರು. ತಿಂಗಳ ಮೇಲೆ ಒಬ್ಬ ಪೊಲೀಸು ನಕ್ಷೆ ಹಿಡಿದು ಬಂದ.

"ಈ ಕಡೆ ಏನಿದೆ ಬೂ, ಕಾಡಾ?"

"ಕಾಗದದಲ್ಲಿ ಕಾಡು ಅಂತಿದ್ರೆ ಕಾಡೇ ಸಾರ್."

ಅವನು ಬೂಟಿನ ಕೆಸರು ನೋಡಿಕೊಂಡ, ನಕ್ಷೆ ಮಡಿಸಿದ, ಅವಳು ಕೊಟ್ಟ ಬಾಳೆಹಣ್ಣಿನ ಬೋಂಡ ತಿಂದು ಹೋದ.

ಹನ್ನೊಂದು ತಿಂಗಳು ಕಳೆದವು. ಊರಿನ ಅರ್ಧ ಗಂಡಸರು ಸುಲವೇಸಿ ದ್ವೀಪದ ನಿಕ್ಕಲ್ ಗಣಿಗಳಿಗೆ ಹೋದರು. ಉಳಿದವರು ಮರಗೆಣಸು ತಿಂದರು. ಬೆಳಿಗ್ಗೆ ಎದ್ದ ಸಲಾಸಿಯಾಳ ಕಾಲುಗಳು ತಾವಾಗಿಯೇ ಹೊಂಡದ ದಾರಿ ಹಿಡಿಯುತ್ತಿದ್ದವು. ಅಂಚಿಗೆ ಬಂದ ಮೇಲೆ, ಯಾಕೆ ಬಂದೆ ಎಂದು ನೆನಪಾಗುತ್ತಿರಲಿಲ್ಲ. ಅಮ್ಮನ ಹಾಗೆಯೇ ಆಗುತ್ತಿದ್ದೇನೆ ಅನಿಸುತ್ತಿತ್ತು. ಒಂದೇ ಸಮಾಧಾನ, ನೀರು ಯಾವಾಗಲೂ ಕನ್ನಡಿಯಂತಿರುತ್ತಿತ್ತು.

ಒಂದು ಬೆಳಿಗ್ಗೆ ಇರಲಿಲ್ಲ. ಅವಳಿಗಿಂತ ಮೊದಲೇ ಹೆಂಗಸರು ದಂಡೆಯಲ್ಲಿ ನೆರೆದಿದ್ದರು, ಯಾರೋ ಬಾಯಿಗೆ ತಲೆವಸ್ತ್ರ ಒತ್ತಿಕೊಂಡು ಅಳುತ್ತಿದ್ದರು. ಯಾವ ಜೀವವೂ ಇಲ್ಲದ ನೀರು ಪಾಕ್ ವಿದಗ್ದೊನನ್ನು ಕೊಳೆಸಿರಲಿಲ್ಲ, ಮೇಣದ ಬೊಂಬೆಯಂತೆ ಮಾಡಿಟ್ಟಿತ್ತು. ಎಲ್ಲರಿಗೂ ಗುರುತು ಸಿಕ್ಕಿತು. ಅವನನ್ನು ದೋಣಿಕಟ್ಟೆಯಲ್ಲಿ ಇಳಿಸಿದೆನೆಂದು ಹೇಳಿದವಳು ಒಬ್ಬಳೇ. ಅದೇ ಪೊಲೀಸು ಮತ್ತೆ ಬಂದ, ಈ ಸಲ ಬೋಂಡ ತಿನ್ನಲಿಲ್ಲ. ಅವಳು ಏನನ್ನೂ ಮುಚ್ಚಿಡಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು: "ಕಟ್ಟಿದ ತಂತಿ ಏನಾಯ್ತು ಸಾರ್?"

"ತಂತಿನಾ? ಯಾವ ತಂತಿ? ಮೈಮೇಲೆ ಕೆಂಪು ಗೆರೆ ಬಿಟ್ರೆ ಏನೂ ಇರ್ಲಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಗಂಟು ತಪ್ಪಿತೇ? ನಾಲ್ಕು ಸುತ್ತು ಸಾಲದಾಯಿತೇ? ಸೆರೆಮನೆಯ ಚಾಪೆಯ ಮೇಲೆ ಕೂತು ಬೆರಳಿನಿಂದ ಗಾಳಿಯಲ್ಲಿ ಗಂಟು ಹಾಕಿ ಹಾಕಿ ನೋಡಿದಳು. ಎಲ್ಲೂ ತಪ್ಪಿರಲಿಲ್ಲ. ಹೊರಗೆ ಅಷ್ಟರಲ್ಲಿ ಬೇರೆಯೇ ನಡೆದಿತ್ತು. ಹೆಣ ಸಿಕ್ಕ ಸ್ಥಳವೆಂದು ಪೊಲೀಸರು ಬರೆಯಬೇಕಾಗಿ ಬಂತು: ಒಂಬತ್ತನೆಯ ಹೊಂಡ. ಹೆಣವೊಂದು ತೇಲಿದ ಕಾಡು ಎಲ್ಲಿಯದು ಎಂದು ಟೀವಿಯವರು ಕೇಳಿದರು. ನಕ್ಷೆ ಹೊರಬಿತ್ತು, ಸಮರಿಂದಾದ ಕಚೇರಿಗಳಲ್ಲಿ ಕುರ್ಚಿಗಳು ಅಲುಗಾಡಿದವು. ನೀರು ಬಸಿದು ಹೊಂಡ ಮುಚ್ಚಬೇಕೆಂದು ಆಜ್ಞೆಯಾಯಿತು. ತುಕ್ಕು ಹಿಡಿಯುತ್ತಿದ್ದ ಲಾರಿಗಳಿಗೆ ಎಣ್ಣೆ ಬಿತ್ತು.

ಮಳೆಗಾಲ ಮುಗಿದ ಮೇಲೆ ಜಲೇಹಾ ನೋಡಲು ಬಂದಳು. ಉಗುರುಗಳಲ್ಲಿ ಕೆಂಪು ಮಣ್ಣಿತ್ತು. "ಮುಗೀತಕ್ಕ," ಎಂದಳು, "ನಿನ್ನೆ ಮಧ್ಯಾಹ್ನ ಕೊನೇ ಲೋಡು. ನಿನ್ನ ಲಾರೀಲೇ ನಾನು ಸುರಿದೆ. ಕಣದಷ್ಟು ಸಮ ಇದೆ. ಬರೋ ವರ್ಷ ಬೀಜ ಹಾಕಿ ನೋಡ್ತಾರಂತೆ, ಬೆಳೆಯುತ್ತೋ ಇಲ್ವೋ ದೇವರಿಗೇ ಗೊತ್ತು." ಆಮೇಲೆ ಸೊಂಟದ ಗಂಟಿನಿಂದ ಒಂದು ಪೊಟ್ಟಣ ತೆಗೆದಳು. "ನಿನ್ನ ಬಾಗಿಲ ಹತ್ರ ಇತ್ತು. ಅಮ್ಮಂದು ಅಂತ ತಂದೆ. ಕತ್ತಿ ಅಂತ ಬಾಗಿಲಲ್ಲಿ ತಡೆದ್ರು, ತಿರುಗಿಸಿ ನೋಡಿ ಇದ್ರಲ್ಲಿ ಕಬ್ಬಿಣಾನೇ ಇಲ್ವಲ್ಲ ಅಂತ ನಕ್ಕು ಬಿಟ್ರು." ಸಲಾಸಿಯಾ ಆ ಮರದ ಹಿಡಿಯನ್ನು ಅಂಗೈಯಲ್ಲಿಟ್ಟು ಅಲಗಿದ್ದ ಸೀಳಿನ ಮೇಲೆ ಹೆಬ್ಬೆರಳು ಆಡಿಸಿದಳು. ಕಳಚಿ ಬಿದ್ದಿದ್ದರೆ ಸೀಳು ಖಾಲಿ ಇರಬೇಕಿತ್ತು. ಅಲಗಿನ ಬುಡ ಅಲ್ಲೇ ಇತ್ತು. ಮರಕ್ಕೆ ಕಚ್ಚಿಕೊಂಡು, ಮರದ ಅಂಚಿನವರೆಗೆ ಇದ್ದು, ಅದರಾಚೆ ತಾಕಿದಷ್ಟನ್ನೂ ನೀರು ತಿಂದುಹಾಕಿತ್ತು. ಉಗುರು ತಗುಲಿದ್ದೇ ಅದೂ ಪೊಲೀಸು ಹೇಳಿದ ಗೆರೆಯಂತೆಯೇ ಕೆಂಪು ಪುಡಿಯಾಗಿ ಉದುರಿತು. ಮೂರು ವರ್ಷ ಅವಳು ಬಾಗಿಲು ದಾಟುವಾಗಲೆಲ್ಲ ಭುಜಕ್ಕೆ ತಾಕುತ್ತಿದ್ದ ಹಿಡಿ ಅದು. ಅಮ್ಮ ಕತೆ ಹೇಳುತ್ತ ಮೊದಲು ಗುದ್ದಲಿ, ಆಮೇಲೆ ನೀವು ಎನ್ನುತ್ತಿದ್ದಾಗ ತಾನು ನಗುತ್ತಿದ್ದದ್ದು ಅವಳಿಗೆ ಕೇಳಿಸಿತು. "ಹೊದಿಸಿಯಾಯ್ತಮ್ಮ," ಎಂದು ಪಿಸುಗುಟ್ಟಿ ಅವಳು ಬೆರಳಿಗಂಟಿದ ತುಕ್ಕನ್ನು ಸೀರೆಯಂತೆ ಉದ್ದಕ್ಕೆ ಬಿದ್ದಿದ್ದ ಬಿಸಿಲಿನ ಮೇಲೆ ಮೆಲ್ಲನೆ ಕೊಡವಿದಳು.