ಹಾರದ ಹಕ್ಕಿ, ದೋಣಿಯುದ್ದದ ಉಡ

ತೀರ್ಪು ಹೇಳುವ ಮುಂಚೆ ಪದ್ಮಲೆ ಎರಡೂ ರೆಪ್ಪೆಗಳನ್ನು ಹೆಬ್ಬೆರಳಿನಿಂದ ಒತ್ತಿಕೊಳ್ಳುತ್ತಿದ್ದಳು. ಹಡಗುಗಳು ಇನ್ನೂ ದಾರಿ ಕಲಿಯದಿದ್ದ ಕಾಲದಲ್ಲಿ, ಶಂಖದ್ವೀಪವೆಂಬ ರಾಜ್ಯದಲ್ಲಿ ಅವಳಿಗೆ ಒಂದೇ ಕೆಲಸ. ಎರಡು ಜೀವ ತಂದು ನಿಲ್ಲಿಸಿದರೆ ಯಾವುದು ಮೇಲು, ಯಾವುದು ಕೀಳು ಎಂದು ಹೇಳಬೇಕು. ಕೀಳಾದದ್ದು ಅಲ್ಲೇ ಕಲ್ಲಾಗುತ್ತಿತ್ತು. ಮೂರು ದಿನ ಪಂದ್ಯ ನೋಡಿ, ಮೂರನೆಯ ಸಂಜೆಯೊಳಗೆ ಹೇಳದಿದ್ದರೆ ಅವಳೇ ಕಲ್ಲು. ಮಾಂತ್ರಿಕ ಧೂಮಕ ಅರಸನನ್ನು ಹೆದರಿಸಿ ಬರೆಸಿಕೊಂಡ ಕಟ್ಟಳೆ ಅದು. ಹನ್ನೆರಡು ವರ್ಷ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ದಂಡೆಯ ತುಂಬ ಕಲ್ಲುಗಳು.

ಈ ಸಲ ಧೂಮಕ ಮರಳಿನಲ್ಲಿ ಗೆರೆ ಎಳೆದು ಎಂದಿನಂತೆ ಕೂಗಿದ: "ಗೆರೆಯೊಳಗೆ ಇರುವವರೆಲ್ಲ ಪಂದ್ಯದವರು!"

ಒಳಗೆ ಬಂದದ್ದು ಹಾರಲಾರದ ಹಕ್ಕಿ, ದೋಣಿಯುದ್ದದ ಉಡ.

"ಆ ರೆಕ್ಕೆ ಯಾಕವ್ವ, ಗಾಳಿ ಹಾಕಿಕೊಳ್ಳೋಕಾ?" ಎಂದಿತು ಉಡ.

"ನಿನಗೆ ಎರಡು ಸೀಳಿನ ನಾಲಿಗೆ ಯಾಕಪ್ಪ? ಒಂದರಲ್ಲಿ ಸುಳ್ಳು, ಇನ್ನೊಂದರಲ್ಲಿ ಚಾಡಿಯಾ?"

ಮೊದಲ ದಿನ ಓಟ. ಹಕ್ಕಿ ಗೆದ್ದಿತು. ಎರಡನೆಯ ದಿನ ಉಪವಾಸ. ಹೋದ ತಿಂಗಳು ಹಂದಿ ನುಂಗಿದ್ದ ಉಡ ತೂಕಡಿಸುತ್ತ ಕೂತಿತು; ಹಕ್ಕಿ ಮಧ್ಯಾಹ್ನಕ್ಕೇ ಏಡಿಗೆ ಬಾಯಿ ಹಾಕಿತು. ಮೂರನೆಯ ದಿನ ಬಿಸಿಲು. ಎರಡೂ ಅಲುಗಲಿಲ್ಲ. ಹೊತ್ತು ಇಳಿಯುತ್ತಿತ್ತು. ಯಾವ ಹೆಸರು ಹೇಳಲೂ ಪದ್ಮಲೆಗೆ ಬಾಯಿ ಬರಲಿಲ್ಲ.

ಧೂಮಕ ಮಾತ್ರ ಮರದ ನೆರಳಲ್ಲಿ ಮಣೆ ಹಾಕಿಕೊಂಡು ಎಳನೀರು ಕುಡಿಯುತ್ತಿದ್ದ. ನೆರಳು ಸರಿದಂತೆಲ್ಲ ಮಣೆಯನ್ನೂ ಸರಿಸುತ್ತಿದ್ದ. ಪದ್ಮಲೆ ಆ ಮಣೆಯನ್ನೇ ನೋಡಿದಳು. ಅದು ಗೆರೆ ದಾಟಿ ಒಳಗೆ ಬಂದಿತ್ತು.

"ಹೇಳೇ, ಯಾರು ಕೀಳು?"

"ಇವತ್ತಿನ ಪಂದ್ಯ ಏನು, ಸ್ವಾಮಿ?"

"ಬಿಸಿಲು ತಡೆಯೋದು. ಅದೂ ಮರೆತೆಯಾ?"

"ಗೆರೆಯೊಳಗೆ ಇರೋ ಮೂವರಲ್ಲಿ ನೆರಳು ಹುಡುಕಿದವರು ನೀವೊಬ್ಬರೇ."

ಧೂಮಕ ಬಗ್ಗಿ ನೋಡುವಷ್ಟರಲ್ಲಿ ಪಾದ ಕಲ್ಲಾಗಿತ್ತು. ಆಮೇಲೆ ಮಂಡಿ, ಆಮೇಲೆ ಗಡ್ಡ. ಕೈಯಲ್ಲಿದ್ದ ಎಳನೀರು ಮಾತ್ರ ಎಳನೀರಾಗೇ ಉಳಿಯಿತು. ಹಕ್ಕಿ ಅದನ್ನು ಕುಡಿದು ಅರ್ಧ ಉಡಕ್ಕೆ ಬಿಟ್ಟಿತು. ಅವನ ಮಂತ್ರ ಕಳಚಿ, ದಂಡೆಯ ಹಳೆಯ ಕಲ್ಲುಗಳೆಲ್ಲ ಆಕಳಿಸಿ ಎದ್ದು, ಮೈ ಕೊಡವಿ, ತಂತಮ್ಮ ಮನೆಗೆ ಹೋದವು. ದ್ವೀಪದಲ್ಲಿ ಎಲ್ಲರೂ ಸುಖವಾಗಿದ್ದರು.

ಪದ್ಮಲೆ ಅದೇ ಮರದ ಕೆಳಗೆ ಮಲಗಿದಳು. ಅರಸ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದು ತಲೆದೆಸೆಯಲ್ಲಿ ಕೂತ.

"ಕಟ್ಟಳೆ ಸುಟ್ಟುಹಾಕಿದೆ, ತಾಯಿ. ಇನ್ನು ಯಾರೂ ಕಲ್ಲಾಗೋದಿಲ್ಲ. ಇದೊಂದು ಹೇಳಿಬಿಡು. ಪಟ್ಟಕ್ಕೆ ಇವರಿಬ್ಬರಲ್ಲಿ ಯಾರು ಮೇಲು?"

ಪದ್ಮಲೆ ಕಡಲ ಕಡೆಗೆ ಮಗ್ಗುಲು ಬದಲಿಸಿದಳು.