ಪ್ರೆಶರ್ ಕೆಟ್ಟೈತಿ

ಅರವತ್ತು!

ನರ್ಸ್ ಗುರುಲಿಂಗಮ್ಮ ತೋಳಿನ ಪಟ್ಟಿಗೆ ಮತ್ತೆ ಗಾಳಿ ತುಂಬಿದಳು. ಪಾದರಸ ಅಲ್ಲಿಗೇ ಬಂದು ನಿಂತಿತು. ಆದೋನಿಯ ಹತ್ತಿ ವ್ಯಾಪಾರಿ ಸಿದ್ದಬಸಪ್ಪ ಮದರಾಸಿನಲ್ಲಿ ಹೃದಯದ ಆಪರೇಷನ್ ಮಾಡಿಸಿಕೊಂಡು ಬಂದು, ಊರ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದ. ಈಗ ರಕ್ತದೊತ್ತಡ ನೆಲ ಕಚ್ಚಿತ್ತು.

ಡಾಕ್ಟರ್ ಭೀಮಲಿಂಗಪ್ಪ ಮನೆಯವರನ್ನೆಲ್ಲ ಹೊರಗೆ ಕಳಿಸಿದರು. ಮಂಚದ ಕಾಲ್ದೆಸೆಗೆ ಇಟ್ಟಿಗೆ ಇಡಿಸಿ, ಒತ್ತಡ ಏರಿಸುವ ಡ್ರಿಪ್ ಹಚ್ಚಿದರು.

"ಸೂಜಿ ಏನಾದರೂ ತಪ್ಪಿ ಹಾಕಿದೆಯೇನಮ್ಮಾ? ಇವನು ಹೋದರೆ ಕೊಲೆ ನಿನ್ನ ತಲೆಗೇ ಬರುತ್ತದೆ."

"ದೇವರಾಣಿ ಇಲ್ರಿ! ಪ್ರೆಶರ್ ಇಷ್ಟು ಇಳದ್ರ ನಾಡಿ ಓಡಬೇಕು. ಐವತ್ತಕ್ಕ ನಿಂತೈತಿ. ಮೂಗು ಬ್ಯಾರೆ ಕಟ್ಟೈತಿ. ಯಾರೋ ಸರ್ಪಗಂಧಿ ಕುಡಿಸ್ಯಾರ್ರಿ!"

ಏರಿದ ಒತ್ತಡ ಇಳಿಸುವ ಬೇರು ಅದು; ನಾಡಿಯನ್ನೂ ನಿಧಾನ ಮಾಡುತ್ತದೆ, ಮೂಗು ಕಟ್ಟಿಸುತ್ತದೆ. ಅದನ್ನು ಕುಡಿಸುತ್ತಲೇ ಇದ್ದರೆ ಡ್ರಿಪ್ ಹಚ್ಚುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

* * *

ಮಂಚದ ಕೆಳಗೊಂದು ಲೋಟ ಸಿಕ್ಕಿತು. ಬೇವಿನ ವಾಸನೆ. ಮೂರು ದಿನದಿಂದ ಮನೆಯಿಂದ ಕಷಾಯ ಬರುತ್ತಿತ್ತಂತೆ. ಹೆಂಡತಿ ವೀರಬಸಮ್ಮ ಕುದಿಸುವಳು, ತಮ್ಮ ಚಂದ್ರಣ್ಣ ತರುವನು, ತಾಯಿ ಎರ್ರಮ್ಮ ಕುಡಿಸುವಳು. ಕುದಿಸಿದವಳ ಮೇಲೇ ಡಾಕ್ಟರಿಗೆ ಅನುಮಾನ.

ಗುರುಲಿಂಗಮ್ಮ ಜಗುಲಿಗೆ ಬಂದಳು.

"ಪ್ರೆಶರ್ ಕೆಟ್ಟೈತ್ರಿ." ಅಷ್ಟೇ ಹೇಳಿ ಮೂವರ ಮುಖ ನೋಡಿದಳು.

"ಅಯ್ಯೋ ಶಿವನೇ, ಏರೇಬಿಡ್ತಾ? ಒಂದು ಹರಳು ಉಪ್ಪು ಹಾಕಿಲ್ರೀ ನಾನು!" ವೀರಬಸಮ್ಮ ಅತ್ತಳು.

"ತಲಿಗೆ ತಣ್ಣೀರ ಬಟ್ಟಿ ಹಾಕು ತಂಗಿ," ಎಂದಳು ಎರ್ರಮ್ಮ.

"ಎಷ್ಟಕ್ಕ ಇಳದೈತಿ?" ಎಂದ ಚಂದ್ರಣ್ಣ.

ಗುರುಲಿಂಗಮ್ಮ ಅವನತ್ತ ತಿರುಗಿದಳು. "ಇಳದೈತಂತ ನಿಮಗ ಯಾರು ಹೇಳಿದ್ರೀ ಸಾವ್ಕಾರ್ರ?"

ಚಂದ್ರಣ್ಣನ ಕೈ ಜೇಬಿನ ಮೇಲೆ ಹೋಯಿತು.

* * *

ಡಾಕ್ಟರು ಕರೆಸಿದ ಪೊಲೀಸ್ ದಫೇದಾರ ಮಾರೆಪ್ಪ ಚಂದ್ರಣ್ಣನ ಜೇಬು ತಡಕಿದ. ಬೇರಿನ ಪುಡಿಯ ಪೊಟ್ಟಣ ಸಿಕ್ಕಿತು.

"ನಮ್ಮೂರಾಗ ಪ್ರೆಶರ್ ಅಂದ್ರ ಏರೋದೇ ರೀ," ಎಂದಳು ಗುರುಲಿಂಗಮ್ಮ. "ಇಳಿಯೋದೂ ಒಂದು ರೋಗ ಅಂತ ಮಂದಿಗೆ ಗೊತ್ತಿಲ್ಲ. ಇಳಿಸಿದವನಿಗೆ ಮಾತ್ರ ಗೊತ್ತಿತ್ತು. ಬೇರು ಭಾಳ ಕಹಿ. ಅದಕ್ಕ ದಾರ್ಯಾಗ ಬೇವಿನ ಕಷಾಯಕ್ಕ ಬೆರೆಸ್ಯಾನ."

ಅಣ್ಣ ಎದ್ದು ಬಂದರೆ, ಅವನು ಮಲಗಿದಾಗ ತನ್ನ ಕೈಗೆ ಬಂದಿದ್ದ ಹತ್ತಿ ಕಾರ್ಖಾನೆಯ ಯಜಮಾನಿಕೆ ಬಿಟ್ಟುಕೊಡಬೇಕಲ್ಲ ಎಂಬ ಹೊಟ್ಟೆಕಿಚ್ಚು. ಚಂದ್ರಣ್ಣ ಒಪ್ಪಿಕೊಂಡ.

ಸಂಜೆಗೆ ಪಾದರಸ ತೊಂಬತ್ತಕ್ಕೆ ಏರಿತು. ಡಾಕ್ಟರು ಗುರುಲಿಂಗಮ್ಮನಿಗೆ ಕೈ ಮುಗಿದರು. ಹೊರಗೆ ಎರ್ರಮ್ಮ ಕೈಗೆ ಬೇಡಿ ಬಿದ್ದ ಮಗನ ಅಂಗಿ ಹಿಡಿದು ಜಗ್ಗುತ್ತಿದ್ದಳು.

"ನೀನ ಕುಡಿಸಬೇಕಿತ್ತಲ್ಲೋ! ಹೆತ್ತ ತಾಯಿ ಕೈಲೆ ಯಾಕ ವಿಷ ಕುಡಿಸಿದ್ಯೋ, ಪಾಪಿ!"